ಕೂಗದ ಬೆಲ್ಟು

ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಮೊಳೆ ಇದೆ. ಹಿಂದೆ ಅದರಲ್ಲಿ ಕ್ಯಾಲೆಂಡರು ತೂಗುತ್ತಿತ್ತು. ಈಗ ಅಲ್ಲಿ ಎರಡು ಬೆರಳಗಲದ, ಕಪ್ಪಗಿನ, ಒಳಮೈಗೆಲ್ಲ ಹಲ್ಲಿರುವ ಒಂದು ರಬ್ಬರಿನ ಪಟ್ಟಿ ನೇತಾಡುತ್ತಿದೆ. ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. “ಇದೇನ್ ಸಾರ್, ಕರುವಿನ ಕೊರಳಿಗೆ ಕಟ್ಟೋದಾ?” ಎಂದು ಕೇಳಿದವರಿದ್ದಾರೆ. ಸೊಂಟನೋವಿಗೆ ಕಟ್ಟಿಕೊಳ್ಳುವ ಪಟ್ಟಿಯೆಂದು ತಿಳಿದು, ಯಾವ ಡಾಕ್ಟರು ಕೊಟ್ಟರೆಂದು ವಿಚಾರಿಸಿದವರೂ ಇದ್ದಾರೆ. ನನ್ನ ಹೆಂಡತಿ ಮಾತ್ರ ಏನೂ ಕೇಳುವುದಿಲ್ಲ. ಹಬ್ಬಕ್ಕೆ ಮನೆ ಸಾರಿಸುವಾಗಲೆಲ್ಲ ಅದನ್ನು ಕಸದ ಜೊತೆ ಆಚೆಗೆ ಹಾಕುತ್ತಾಳೆ. ನಾನು ಹೋಗಿ ಎತ್ತಿಕೊಂಡು ಬಂದು ಮತ್ತೆ ಮೊಳೆಗೆ ಹಾಕುತ್ತೇನೆ. ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಅದು ಟೈಮಿಂಗ್ ಬೆಲ್ಟು. ಕಾರಿನ ಇಂಜಿನ್ನಿನ ಪಕ್ಕೆಯಲ್ಲಿ, ಮುಚ್ಚಳದ ಹಿಂದೆ, ಗಾಳಿ ಬೆಳಕು ಕಾಣದೆ ಬಾಳುವ ಪದಾರ್ಥ. ನೀವು ಕಾರಿನವರಾದರೆ ನಿಮ್ಮಲ್ಲೂ ಒಂದು ಇದ್ದೀತು. ಅದರ ಬದಲು ಕಬ್ಬಿಣದ ಚೈನು ಪಡೆದು ಬಂದ ಪುಣ್ಯವಂತರೂ ಇದ್ದಾರಂತೆ. ಇಟ್ಟುಕೊಂಡವರಲ್ಲಿ ಬಹಳ ಜನ ಅದರ ಮುಖ ನೋಡಿರುವುದಿಲ್ಲ. ನಾನೂ ನೋಡಿರಲಿಲ್ಲ. ಹುಣಸೂರಿನಲ್ಲಿ ಕೋರ್ಟಿನ ಬೆಂಚ್ ಕ್ಲರ್ಕಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಸಮಯಕ್ಕೆ ಸರಿಯಾಗಿ ಕೂಗಬೇಕು, ಕೂಗಿದ ಮೇಲೆ ಬರಬೇಕು, ಬಾರದಿದ್ದರೆ ಮುಂದಿನ ವಾಯಿದೆ: ಕಾಲದ ಬಗ್ಗೆ ನನ್ನ ತಿಳುವಳಿಕೆ ಇಷ್ಟೇ ಆಗಿತ್ತು. ಕೂಗದೆಯೂ ಕಾಲ ಕಾಯುವ ವಸ್ತುವೊಂದು ಲೋಕದಲ್ಲಿದೆ ಎಂಬುದು ನನಗೆ ಗೊತ್ತಾದದ್ದು ತೀರ ಈಚೆಗೆ, ಒಂದು ದಸರೆಯಲ್ಲಿ, ನಮ್ಮ ಅಕ್ಕನ ದಯದಿಂದ.

ಬೆಲ್ಟು ಕೂಗುತ್ತದೆ ಎಂದು ನಾವು ನಂಬಿದ್ದಕ್ಕೂ ಕಾರಣವಿದೆ. ಚುಂಚನಕಟ್ಟೆಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಭತ್ತ ಬಿಟ್ಟರೆ ಮತ್ತೊಂದು ಬೆಳೆ ಇರಲಿಲ್ಲ. ಒಣಗಿಸಿದ ಭತ್ತವನ್ನು ಗಾಡಿಗೆ ಹೇರಿಕೊಂಡು ಕೆ.ಆರ್. ನಗರದ ಮಿಲ್ಲಿಗೆ ಹೋಗುವ ದಿನ, ಮೂಟೆಗಳ ಮೇಲೆ ಅಕ್ಕ, ಅಕ್ಕನ ಮೇಲೆ ನಾನು. ಮಿಲ್ಲಿನೊಳಗೆ ಹೋದರೆ ಸಾಕು, ತೌಡಿನ ಧೂಳು ಹತ್ತಿ ಎಲ್ಲರೂ ಒಂದೇ ಬಣ್ಣ. ನೆತ್ತಿಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ದೊಡ್ಡ ದೊಡ್ಡ ಬೆಲ್ಟುಗಳು ಓಡುತ್ತಿದ್ದವು. ಲುಂಗಿ ಎತ್ತಿ ಕಟ್ಟಿದ ಮಿಲ್ಲಿನ ಡ್ರೈವರು ಅವುಗಳ ಕೆಳಗೆ ತಲೆ ಬಗ್ಗಿಸಿಕೊಂಡು, ದೇವಸ್ಥಾನದಲ್ಲಿ ನಡೆದಾಡುವವನಂತೆ ನಡೆದಾಡುತ್ತಿದ್ದ. ಇದ್ದಕ್ಕಿದ್ದಂತೆ ಒಂದು ಬೆಲ್ಟು ‘ಕಿಂಯ್ಯೋ’ ಎಂದು ಅರಚಿಕೊಳ್ಳುತ್ತಿತ್ತು. ಅವನು ಆತುರಪಡದೆ ಡಬ್ಬಿಯಿಂದ ಒಂದು ಹಿಡಿ ರಾಳದ ಪುಡಿ ತೆಗೆದು ಅದರ ಒಳಮೈಗೆ ಎರಚುತ್ತಿದ್ದ. ಬೆಲ್ಟು ಬಿಕ್ಕಿ ಬಿಕ್ಕಿ ಸುಮ್ಮನಾಗುತ್ತಿತ್ತು. “ಅದಕ್ಕೆ ಒಟ್ಟೆ ಅಸ್ದಿತ್ತು ಕಣ್ಲಾ,” ಎಂದು ಅಕ್ಕ ನನಗೆ ವಿವರಿಸುತ್ತಿದ್ದಳು. ಹಸಿದರೆ ಅಳುತ್ತದೆ, ಕೊಟ್ಟರೆ ಸುಮ್ಮನಾಗುತ್ತದೆ, ವಯಸ್ಸಾದರೆ ಪಟಪಟ ಬಡಿದುಕೊಂಡು, ಇನ್ನು ನಾನು ಇರುವುದಿಲ್ಲ ಎಂದು ಊರಿಗೆಲ್ಲ ಸಾರಿ ಆಮೇಲೆ ಹರಿಯುತ್ತದೆ. ಬೆಲ್ಟಿನ ಬಗ್ಗೆ ನಮ್ಮ ಮನೆತನದ ಶಾಸ್ತ್ರ ಇದು.

ಈ ಶಾಸ್ತ್ರವನ್ನೇ ಅಕ್ಕ ಮಿರ್ಲೆಗೆ ಮದುವೆಯಾಗಿ ಹೋಗುವಾಗಲೂ ಜೊತೆಯಲ್ಲಿ ಒಯ್ದಿದ್ದಳು. ಗೌರಕ್ಕ ಎಂದರೆ ಆ ಸುತ್ತಿನಲ್ಲಿ ಈಗ ಎಲ್ಲರಿಗೂ ಗೊತ್ತು, ಕಾರಿನ ದೆಸೆಯಿಂದ. ಬಾವ ಬದುಕಿದ್ದಾಗ ಕೊಡಗಿನ ಕಾಫಿ ತೋಟದವರೊಬ್ಬರಿಂದ ಬಿಳಿಯ ಬಣ್ಣದ ಒಂದು ಹಳೆಯ ಡೀಸಲ್ ಕಾರು ಕೊಂಡಿದ್ದರು. ಅವರ ಕಣ್ಣಿಗೆ ಪೊರೆ ಬಂದಾಗ ಅಕ್ಕನಿಗೆ ಕಾರು ಕಲಿಸುವುದೆಂದು ತೀರ್ಮಾನವಾಯಿತು. ಕಲಿಸಿದ್ದು ನಾಲೆಯ ಏರಿಯ ಮೇಲೆ. ಎಡಕ್ಕೆ ಗದ್ದೆ, ಬಲಕ್ಕೆ ತುಂಬಿದ ನೀರು. “ಅಲ್ಲಿ ಕಲ್ತೋರು ಎಲ್ಲಾದ್ರೂ ಓಡುಸ್ತಾರೆ,” ಎಂದು ಬಾವ ಹೇಳುತ್ತಿದ್ದರು. ಹೇಳುವಾಗ ತಮ್ಮ ಕಡೆಯ ಬಾಗಿಲು ಅರ್ಧ ತೆಗೆದುಕೊಂಡು, ಒಂದು ಕಾಲು ಹೊರಗಿಟ್ಟುಕೊಂಡೇ ಇರುತ್ತಿದ್ದರು. ನಾನೂ ಒಮ್ಮೆ ಹಿಂದಿನ ಸೀಟಿನಲ್ಲಿದ್ದೆ. ಆವತ್ತು ನನಗೆ ಬಾರದ ಸ್ತೋತ್ರಗಳೆಲ್ಲ ಬಾಯಿಗೆ ಬಂದವು.

ಬಾವ ಹೋದ ಮೇಲೆ ಕಾರು ನಿಲ್ಲಲಿಲ್ಲ. ನಿಲ್ಲಲಿಲ್ಲ ಎಂದರೆ, ಇನ್ನೂ ಹೆಚ್ಚಾಗಿಯೇ ಓಡಿತು. ಹೆರಿಗೆ ನೋವು ಬಂದವರನ್ನು ಕೆ.ಆರ್. ನಗರದ ಆಸ್ಪತ್ರೆಗೆ ಮುಟ್ಟಿಸುವುದು, ಸಾಲಿಗ್ರಾಮದ ಬ್ಯಾಂಕಿಗೆ ಸಂಘದ ಹೆಂಗಸರನ್ನು ಒಬ್ಬರ ತೊಡೆಯ ಮೇಲೊಬ್ಬರನ್ನು ಕೂರಿಸಿ ಕರೆದೊಯ್ಯುವುದು, ಹಿಂದಿನ ಸೀಟು ಮಡಚಿ ಸಸಿಯ ಟ್ರೇ ತುಂಬಿ ಗದ್ದೆಗೆ ಹೊರಡುವುದು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಏರಿಸಿ, ಅಕ್ಕ ಸ್ಟೀರಿಂಗ್ ಹಿಡಿದರೆ ಎದುರಿಗೆ ಬಂದ ಟ್ರ್ಯಾಕ್ಟರುಗಳೇ ದಾರಿ ಬಿಡುತ್ತಿದ್ದವು. ಗೌರವದಿಂದಲೋ ಭಯದಿಂದಲೋ ಎಂದು ನಾನು ತನಿಖೆ ಮಾಡಿಲ್ಲ.

ಇದೆಲ್ಲ ಸಹಿಸಲಾಗದಿದ್ದವನು ಅಕ್ಕನ ಮೈದುನ ಜವರಪ್ಪ. ಪಕ್ಕದ ಮನೆಯಲ್ಲೇ ಇರುವವನು, ಕೆಟ್ಟವನಲ್ಲ. ಅತ್ತಿಗೆ ಕಾರು ಓಡಿಸಿದರೆ ತನ್ನ ಮೀಸೆಗೆ ಕಡಿಮೆ ಎಂದು ಎಲ್ಲಿಯೋ ಓದಿದವನಂತೆ ನಡೆದುಕೊಳ್ಳುತ್ತಿದ್ದ, ಅಷ್ಟೆ. “ಅತ್ಗೆ, ಆ ಗಾಡಿಗೂ ವಯಸ್ಸಾಯ್ತು, ನಿಮ್ಗೂ ವಯಸ್ಸಾಯ್ತು. ಎಲ್ಲಾರ ದಾರೀಲಿ ಕೈಕೊಟ್ರೆ ಯಾರ್ ಮಾತು ಕೇಳೋರು? ಗುಜರಿಗೆ ಆಕಿ ಬುಡಿ” ಎಂದು ಕಂಡಾಗಲೆಲ್ಲ ಹೇಳುತ್ತಿದ್ದ. ದಸರೆಗೆ ಮುಂಚೆ ಹತ್ತು ಜನರೆದುರು ಹಾಗೆಂದಾಗ ಅಕ್ಕನಿಗೆ ರೇಗಿತು.

“ಆಯ್ತು ಕಣ್ ಜವ್ರಪ್ಪ. ಹುಣಸೂರಿಗೆ ತಕ್ಕಂಡೋಗಿ ಇಂಜಿನ್ ತೋರ್ಸ್ಕೊಂಡು ಬತ್ತೀನಿ. ಇಂಜಿನ್ ಓಯ್ತು ಅಂದ್ರೆ ನೀನೇ ಗುಜರಿಯವ್ನ ಕರ್ಸು. ಇನ್ನೊಂದ್ ದಿನ ನಾನು ಸ್ಟೀರಿಂಗ್ ಮುಟ್ಟಲ್ಲ. ಸಾಕಾ?”

“ಮಾತಾ?”

“ಮಾತು.”

ಹೀಗೆ ಮಾತು ಕೊಟ್ಟು, ಅಕ್ಕ ತಾನೇ ಕಾರು ಓಡಿಸಿಕೊಂಡು ನಮ್ಮ ಮನೆಗೆ ಬಂದಳು.

ಹುಣಸೂರಿನಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಪುಟ್ಟಸ್ವಾಮಿಯ ಗ್ಯಾರೇಜು. ಡೀಸಲ್ ಇಂಜಿನ್ನಿನ ವಿಚಾರದಲ್ಲಿ ಅವನು ಸುಪ್ರೀಂ ಕೋರ್ಟು. ಅವನಿಂದ ಆಚೆಗೆ ಅಪೀಲಿಲ್ಲ. ಹಾಗೆಂದು ಅವನೇ ಹೇಳಿಕೊಳ್ಳುತ್ತಾನೆ. ಬಾನೆಟ್ ಎತ್ತಿ, ಮುಚ್ಚಳ ಬಿಚ್ಚಿ, ಒಳಗೆ ಟಾರ್ಚು ಬಿಟ್ಟ.  

“ಅವ್ವ, ಈ ಬೆಲ್ಟು ಯಾವಾಗ್ ಬದ್ಲಾಯ್ಸಿದ್ದು?”

“ಬದ್ಲಾಯ್ಸೋದಾ? ಅದು ಒಂದ್ ದಿನವೂ ಕೂಗ್ಲಿಲ್ವಲ್ಲಪ್ಪ!”

“ಇದು ಕೂಗೋ ಬೆಲ್ಟಲ್ಲ ಕಣವ್ವ. ಕೂಗೋದು ಮುಂದಿರೋ ಫ್ಯಾನ್ ಬೆಲ್ಟು. ಇದು ಕೂಗಲ್ಲ, ಅಳಲ್ಲ, ಹೇಳಲ್ಲ. ಒಂದ್ ದಿನ ಹೋಗ್ತದೆ, ಅಷ್ಟೇಯ.”

ಅವನು ಬೆಲ್ಟನ್ನು ಬೆರಳಿನಿಂದ ತಿರುಚಿ ತೋರಿಸಿದ. ಬೆನ್ನ ಮೇಲೆಲ್ಲ ಬೇಸಿಗೆಯ ಗದ್ದೆಯಂತೆ ಬಿರುಕು. ಒಂದು ಕಡೆ ಹಲ್ಲುಗಳ ಬುಡ ಸೀಳಿ ನೂಲು ಕಾಣುತ್ತಿತ್ತು. ಇನ್ನೊಂದು ಕಡೆ ಹಲ್ಲೇ ಇರಲಿಲ್ಲ.

ಹೋದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಪುಟ್ಟಸ್ವಾಮಿ ಎಡಗೈ ಮುಷ್ಟಿ ಕಟ್ಟಿ ಕೆಳಗಿನಿಂದ ಮೇಲಕ್ಕೆ ತಂದ. ಬಲಗೈಯ ಬೆರಳುಗಳನ್ನು ಮೇಲಿನಿಂದ ಕೆಳಕ್ಕೆ ಇಳಿಸಿದ. ಮುಷ್ಟಿ ಪಿಸ್ಟನ್ನು, ಬೆರಳು ವಾಲ್ವು. ಇಬ್ಬರಿಗೂ ಇರುವುದು ಒಂದೇ ಜಾಗ. ಇದು ಮೇಲೆ ಬರುವಷ್ಟರಲ್ಲಿ ಅದು ಎದ್ದು ಹೋಗಿರಬೇಕು. ಅದು ಇಳಿಯುವಷ್ಟರಲ್ಲಿ ಇದು ತಗ್ಗಿರಬೇಕು. ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಡಿಕ್ಕಿ. ವಾಲ್ವು ಸೊಟ್ಟ, ಇಂಜಿನ್ನು ಮಣ್ಣು. ಕೆಳಗಿನ ಚಕ್ರ ಪಿಸ್ಟನ್ನಿನದು, ಮೇಲಿನ ಚಕ್ರ ವಾಲ್ವಿನದು. ಇಬ್ಬರಿಗೂ ಪರಸ್ಪರ ಮುಖಪರಿಚಯವಿಲ್ಲ. ನಡುವೆ ಇರುವುದು ಈ ರಬ್ಬರಿನ ಪಟ್ಟಿ ಒಂದೇ.

“ಅಂಗಾದ್ರೆ ಇದು ಒಂದೇ ಒರಳಿಗೆ ಇಬ್ರು ಒನಕೆ ಆಕ್ದಂಗೆ,” ಎಂದಳು ಅಕ್ಕ.

 ನಮ್ಮ ಅವ್ವ ಮತ್ತು ಚಿಕ್ಕವ್ವ ಎದುರುಬದುರು ನಿಂತು ಭತ್ತ ಕುಟ್ಟುತ್ತಿದ್ದದ್ದು ಕಣ್ಣ ಮುಂದೆ ಬಂತು. ಒಬ್ಬರ ಒನಕೆ ಬಿದ್ದಾಗ ಇನ್ನೊಬ್ಬರದು ಮೇಲೆ. ಇಬ್ಬರೂ ಒರಳನ್ನು ನೋಡುತ್ತಿರಲಿಲ್ಲ. ಊರ ಸುದ್ದಿಯನ್ನೆಲ್ಲ ಆಡಿಕೊಂಡೇ ಕುಟ್ಟುತ್ತಿದ್ದರು. ನಡುವೆ ‘ಹ್ಞುಂ, ಹ್ಞುಂ’ ಎಂಬ ಉಸಿರು ಮಾತ್ರ ಇಬ್ಬರಿಗೂ ಒಂದೇ. ಒಂದು ದಿನವೂ ಒನಕೆಗೆ ಒನಕೆ ತಾಗಿದ್ದನ್ನು ನಾನು ನೋಡಲಿಲ್ಲ. ಈಗ ಯೋಚಿಸಿ: ಆ ಒನಕೆಗಳು ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟೋ ಸಲ ಬಿದ್ದೇಳುತ್ತಿವೆ, ಸಿಲಿಂಡರೆಂಬ ನಾಲ್ಕು ಒರಳುಗಳಲ್ಲಿ ಒಟ್ಟಿಗೆ, ಕೊಡಗಿನ ಘಾಟಿಯಿಂದ ಮಿರ್ಲೆಯ ಗದ್ದೆಯವರೆಗೆ, ಮಳೆಯಲ್ಲಿ, ಬಿಸಿಲಲ್ಲಿ, ವರ್ಷಗಟ್ಟಲೆ. ಆ ‘ಹ್ಞುಂ’ಕಾರ ಮೊಳೆಗೆ ನೇತುಹಾಕಬಹುದಾದಷ್ಟು ಸಣ್ಣ ರಬ್ಬರಿನ ಪಟ್ಟಿಯದು.

ನನಗೆ ಇನ್ನೊಂದು ನೆನಪೂ ಬಂತು. ಹಿಂದೆ ವೀರನಹೊಸಹಳ್ಳಿಯಲ್ಲಿ ನೆಂಟರ ಮನೆಯ ಮಗುವಿಗೆ ಮುಡಿ ತೆಗೆಸಿದ ಊಟ ಮುಗಿಸಿ ನಾನೂ ಅಕ್ಕನೂ ಇದೇ ಕಾರಿನಲ್ಲಿ ಸಂಜೆ ಹಿಂದಿರುಗುತ್ತಿದ್ದೆವು. ತಿರುವಿನಲ್ಲಿ ಒಂದು ಸಲಗ ರಸ್ತೆಗೆ ಅಡ್ಡವಾಗಿ ನಿಂತಿತ್ತು. ಕಿವಿ ಅಗಲಿಸಿ ನಮ್ಮನ್ನು ನೋಡಿತು. ಅಕ್ಕ ಕಾರು ನಿಲ್ಲಿಸಿದಳು, ಇಂಜಿನ್ ಆರಿಸಲಿಲ್ಲ. “ಆರ್ಸುದ್ರೆ ಮತ್ತೆ ಸ್ಟಾರ್ಟ್ ಆಗ್ಬೇಕಲ್ಲ ಕಣೋ,” ಎಂದು ಪಿಸುಗುಟ್ಟಿದಳು. ನಾನು ಮಾದಪ್ಪನಿಗೆ ಏನೇನೋ ಹರಕೆ ಹೊತ್ತೆ. ಇಂಜಿನ್ನು ಡಗಡಗ ಎನ್ನುತ್ತಾ ಇತ್ತು. ಆನೆ ಎರಡು ಹೆಜ್ಜೆ ಮುಂದೆ ಬಂತು; ಅಕ್ಕ ಮೆಲ್ಲಗೆ, ನಾಲೆ ಏರಿಯ ಮೇಲೆ ಕಲಿತ ನೇರದಲ್ಲಿ, ಹಿಂದಕ್ಕೆ ಹಿಂದಕ್ಕೆ ಬಿಟ್ಟಳು. ಅದು ಸೊಂಡಿಲಿನಿಂದ ಮಣ್ಣು ತೂರಿ ಕಾಡಿಗಿಳಿಯಿತು. ಮಾದಪ್ಪನ ಹರಕೆ ತೀರಿಸಿಯೂ ಆಯಿತು. ಆದರೆ ಆ ಗಳಿಗೆಯಲ್ಲಿ ಮುಚ್ಚಳದ ಹಿಂದಿನ ಕತ್ತಲಲ್ಲಿ, ಆಗಲೇ ಬಿರುಕು ಬಿಡುತ್ತಿದ್ದ ಈ ಜೀವವೂ ತಿರುಗುತ್ತಿತ್ತಲ್ಲ! ಅದಕ್ಕೆ ನಾವು ಒಂದು ತೆಂಗಿನಕಾಯಿಯನ್ನೂ ಒಡೆದಿರಲಿಲ್ಲ.

ಪುಟ್ಟಸ್ವಾಮಿ ಆ ಸಂಜೆಯೇ ಹಳೆಯ ಬೆಲ್ಟನ್ನು ಬಿಚ್ಚಿದ. ಬಿಚ್ಚುವ ಮುಂಚೆ ಗೂಡಿನಿಂದ ಒಂದು ಪುಟ್ಟ ಸೀಸೆ ತೆಗೆದು, ಮೇಲಿನ ಚಕ್ರದ ಒಂದು ಹಲ್ಲಿನ ಮೇಲೆ ಕೆಂಪು ಚುಕ್ಕೆ ಇಟ್ಟ. ಅವನ ಹೆಂಡತಿಯ ನೈಲ್ ಪಾಲಿಶ್ ಅದು. ಕೆಳಗಿನ ಚಕ್ರದಲ್ಲಿ ಕಂಪನಿಯವರೇ ಗುರುತು ಕೊರೆದಿರುತ್ತಾರೆ. ಮೇಲಿನದನ್ನು ಹಿಂದೆ ಯಾರೋ ಬದಲಾಯಿಸಿ ಗುರುತಿಲ್ಲದ ಚಕ್ರ ಹಾಕಿದ್ದರಂತೆ. ಇವನ ಚುಕ್ಕೆ ಎದುರಿಗೆ ಇಂಜಿನ್ನಿನ ಮೈಯಲ್ಲಿ ಕೊರೆದ ಕಚ್ಚಿಗೆ ಸರಿಯಾಗಿ ನಿಂತರೆ ಮೇಲಿನವರೂ ಕೆಳಗಿನವರೂ ಹೊಂದಿಕೊಂಡರೆಂದು ಅರ್ಥ. ಹೊಸ ಬೆಲ್ಟು ಮೈಸೂರಿನಿಂದ ಬಸ್ಸಿನಲ್ಲಿ ಬರಬೇಕು. ಬಂದದ್ದು ಮರುದಿನ ಬೆಳಿಗ್ಗೆ. ಅದೇ ದಿನ ಆಯುಧಪೂಜೆ. ಅಷ್ಟರಲ್ಲಿ ಪುಟ್ಟಸ್ವಾಮಿ ಸ್ಪ್ಯಾನರುಗಳನ್ನೆಲ್ಲ ತೊಳೆದು, ಸಾಲಾಗಿ ಜೋಡಿಸಿ, ಪಟದ ಮುಂದೆ ಪೂಜೆಗೆ ಇಟ್ಟುಬಿಟ್ಟಿದ್ದ.

“ಒಂದೇ ಒಂದ್ ಸ್ಪ್ಯಾನರ್ ಎತ್ಕೊಳಪ್ಪ,” ಎಂದಳು ಅಕ್ಕ, ಜವರಪ್ಪನನ್ನು ನೆನೆದು.

“ಇಟ್ ಮೇಲೆ ಎತ್ತಂಗಿಲ್ಲ ಕಣವ್ವ. ನಾಳೆ ಎತ್ತೋದು.” ನಮ್ಮ ಕೈಗೆ ಒಂದೊಂದು ಪೊಟ್ಟಣ ಕಡ್ಲೆಪುರಿ ಕೊಟ್ಟು, ಅವನು ಎಚ್.ಡಿ. ಕೋಟೆಯ ತನ್ನ ಊರಿಗೆ ಹಬ್ಬಕ್ಕೆ ಹೊರಟುಹೋದ.

ಮಧ್ಯಾಹ್ನದ ಹೊತ್ತಿಗೆ ಊರಿನ ಗಾಡಿಗಳೆಲ್ಲ ಸಿಂಗಾರವಾದವು. ಲಾರಿಗೆ ಬಾಳೆಕಂದು, ಆಟೋಗೆ ಸೇವಂತಿಗೆ, ಹೊಗೆಸೊಪ್ಪು ಹೇರಿಕೊಂಡು ಬಂದ ಟೆಂಪೋಗೂ ಒಂದು ಮೊಳ ಹೂವು. ಎಲ್ಲ ಚಕ್ರದಡಿ ನಿಂಬೆಹಣ್ಣು. ಅಕ್ಕ ನಮ್ಮ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು.

“ಲೋ ತಮ್ಮಯ್ಯ, ಎಲ್ರ ಗಾಡಿಗೂ ಪೂಜೆ ಆಯ್ತು. ನನ್ ಗಾಡಿ ಅಲ್ಲಿ ಒಟ್ಟೆ ಬಿಚ್ಕಂಡು ಮಲ್ಗೈತಲ್ಲೋ. ನಡಿ.”

ನಾನು ಗಂಟೆ ಹಿಡಿದುಕೊಂಡು ಹಿಂದೆ ಹೋದೆ. ಗ್ಯಾರೇಜಿನ ತಗಡಿನ ಸೂರಿನ ಕೆಳಗೆ ಕಾರು ನಿಂತಿತ್ತು. ಅಕ್ಕ ಹೊರಗಿನದನ್ನೆಲ್ಲ ಬೇಗ ಮುಗಿಸಿ, ತೆರೆದ ಇಂಜಿನ್ನಿನ ಕಡೆಗೆ ತಿರುಗಿದಳು. ಇಷ್ಟು ವರ್ಷ ಕಾಣದೆ ದುಡಿದ ಚಕ್ರಗಳು ಎಂದು ಅವಳಿಗೆ ವಿಶೇಷ ಭಕ್ತಿ. ಬಟ್ಟೆಯಲ್ಲಿ ಒರೆಸಿದಳು. ಮೇಲಿನ ಚಕ್ರವನ್ನು ಒರೆಸುವಾಗ ಅದು ‘ಟಕ್’ ಎಂದು ತಾನೇ ತಾನಾಗಿ ಒಂದಿಷ್ಟು ಬಲಕ್ಕೆ ತಿರುಗಿ ನಿಂತಿತು.

ಅಕ್ಕ ಕೈಮುಗಿದಳು. “ನೋಡ್ದಾ! ಬಲಕ್ ಆಯ್ತು! ಮಾದಪ್ಪನ ಬಲಗಡೆ ಹೂವ ಬಿದ್ದಂಗೆ ಆಯ್ತು ಕಣೋ. ಇನ್ ಜವ್ರಪ್ಪ ಏನ್ ಮಾಡ್ಕೊಂಡಾನು?”

ನಾನು ಕಣ್ಣು ಮುಚ್ಚಿಕೊಂಡು ಜೋರಾಗಿ ಗಂಟೆ ಬಾರಿಸಿದೆ.

ಮರುದಿನ ವಿಜಯದಶಮಿ. ಪುಟ್ಟಸ್ವಾಮಿ ಹಣೆಗೆ ಉದ್ದನೆಯ ವಿಭೂತಿ ಎಳೆದು, ಆಯುಧಗಳನ್ನೆತ್ತಿ, ಇಂಜಿನ್ನಿನೊಳಗೆ ಬಗ್ಗಿದ. ಬಗ್ಗಿದವನು ಏಳಲಿಲ್ಲ.

“ಯಾರು ಇದು?”

ಮೇಲಿನ ಚಕ್ರದ ಮುಖದ ತುಂಬ, ಹಲ್ಲು ಹಲ್ಲಿನ ಸಾಲಿಗೆ, ಕೆಂಪು ಚುಕ್ಕೆಗಳು ಮದುವೆಮನೆಯ ಕಳಸದ ಹಾಗೆ ಕಂಗೊಳಿಸುತ್ತಿದ್ದವು.

“ನಾನೇ ಕಣಪ್ಪ,” ಎಂದಳು ಅಕ್ಕ ಹೆಮ್ಮೆಯಿಂದ. “ಮುಟ್ಟಿದ್ ತಕ್ಷಣ ಬಲಕ್ ತಿರುಗ್ತು, ಗೊತ್ತಾ? ದೇವ್ರು ವರ ಕೊಟ್ಬುಡ್ತು.”

ಪುಟ್ಟಸ್ವಾಮಿ ಹತ್ತಿರದಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟ. “ದೇವ್ರು ಕೊಟ್ಟಿದ್ದಲ್ಲವ್ವ, ಸ್ಪ್ರಿಂಗು ಕೊಟ್ಟಿದ್ದು. ವಾಲ್ವಿನ ಸ್ಪ್ರಿಂಗು ಒತ್ಕೊಂಡಿರ್ತದೆ, ಸ್ವಲ್ಪ ಅಲ್ಲಾಡ್ಸುದ್ರೆ ಚಕ್ರ ಒದ್ಕೊಂಡ್ ತಿರುಗ್ತದೆ. ನನ್ ಮಾರ್ಕು ಎಲ್ಲಿ ಈಗ?”

ನಾನು ಧೈರ್ಯ ಹೇಳಿದೆ: “ಕುಂಕುಮ ಡೀಸಲ್ಲಿಗೆ ಬಿಡುತ್ತೆ, ನೈಲ್ ಪಾಲಿಶ್ ಬಿಡುವುದಿಲ್ಲ. ತೊಳೆದರೆ ನಿನ್ನದೊಂದೇ ಉಳಿಯುತ್ತದೆ.” ಇಷ್ಟು ಚೆಂದದ ವಾದವನ್ನು ನಾನು ಕೋರ್ಟಿನಲ್ಲಿಯೂ ಕೇಳಿರಲಿಲ್ಲ. ಪುಟ್ಟಸ್ವಾಮಿ ಡೀಸಲ್ ಅದ್ದಿದ ಬಟ್ಟೆಯಿಂದ ಒರೆಸಿದ. ಒಂದು ಚುಕ್ಕೆಯೂ ಹೋಗಲಿಲ್ಲ.

ಅಕ್ಕ ಸಣ್ಣ ದನಿಯಲ್ಲಿ ಹೇಳಿದಳು: “ಗೋಡೆ ತರ ನಿಂತಿರೋ ಚಕ್ರ. ಕುಂಕುಮ ಉದುರ್ತಾನೇ ಇತ್ತು. ಅಲ್ಲೇ ಗೂಡಲ್ಲಿ ಸೀಸೆ ಇತ್ತಲ್ಲ... ಕುಂಕುಮದ ಬಣ್ಣವೇ ಅಲ್ವಾ ಅಂತ...”

ಎಲ್ಲ ಚುಕ್ಕೆಗಳೂ ಒಂದೇ ಸೀಸೆಯವು. ಸಾಕ್ಷಿಗಳೆಲ್ಲ ಒಂದೇ ತಾಯಿಯ ಮಕ್ಕಳಾದಾಗ ನ್ಯಾಯಾಧೀಶರ ಮುಖ ಹೇಗಾಗುತ್ತದೋ ಪುಟ್ಟಸ್ವಾಮಿಯ ಮುಖ ಹಾಗಾಯಿತು. ಅಂದಾಜಿನಲ್ಲಿ ಹಾಕಿ ನೋಡಬಾರದೇ ಎಂದು ಕೇಳಿದೆ. “ಒಂದ್ ಹಲ್ಲು ಆಚೀಚೆ ಆದ್ರೆ ಹೊಗೆ ಕಾರ್ತದೆ ಸಾರ್. ಇನ್ನೂ ಜಾಸ್ತಿ ಆಚೀಚೆ ಆದ್ರೆ, ಕೀ ತಿರುವಿದ್ ಕೂಡ್ಲೆ ಟಪ್ ಅಂತದೆ. ಆಮೇಲೆ ನನ್ ಕೈಲಾಗಲ್ಲ.” ಸುಪ್ರೀಂ ಕೋರ್ಟು ಕೈಚೆಲ್ಲಿತು.

ಅಕ್ಕನ ಮುಖ ನೋಡಲಾಗಲಿಲ್ಲ. ಮಾತು ಕೊಟ್ಟು ಬಂದವಳು. ಜವರಪ್ಪನಿಂದಲ್ಲ, ವಯಸ್ಸಿನಿಂದಲ್ಲ, ತಾನೇ ಇಟ್ಟ ಬೊಟ್ಟಿನಿಂದ ಸೋಲುವ ಹೊತ್ತು ಬಂತಲ್ಲ ಎಂದು ಅವಳು ಇಂಜಿನ್ನಿನ ಅಂಚು ಹಿಡಿದು ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಆಮೇಲೆ ಏನೋ ಹೊಳೆದವಳಂತೆ ತಲೆಯೆತ್ತಿದಳು.

“ಪುಟ್ಸಾಮಿ, ನೀನು ಚುಕ್ಕೆ ಇಡಕ್ ಮುಂಚೆ ಅರಿಶಿನ ಇಟ್ಟಿದ್ಯಾ?”

“ಅರಿಶಿನ ಯಾಕವ್ವ ಇಡ್ಲಿ? ಮಾರ್ಕಿಗೆ?”

“ನಾನು ಇಟ್ಟಿವ್ನಿ.”

ಅಷ್ಟು ಹೇಳಿ ಮುಡಿಯಿಂದ ಪಿನ್ನು ತೆಗೆದಳು. ಪುಟ್ಟಸ್ವಾಮಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು; ನನಗೆ ಇನ್ನೂ ಒಂದು ಕ್ಷಣ. ನಮ್ಮ ಕಡೆ ಹೊಸಿಲಿರಲಿ, ಒಲೆಯಿರಲಿ, ಹಸುವಿನ ಹಣೆಯಿರಲಿ, ಮೊದಲು ಅರಿಶಿನ, ಅದರ ಮೇಲೆ ಕುಂಕುಮ. ಅರಿಶಿನವಿಲ್ಲದೆ ಬರೀ ಕುಂಕುಮವಿಡುವ ಕೈ ನಮ್ಮ ಹೆಂಗಸರಲ್ಲಿಲ್ಲ, ಇಡಬೇಕೆಂದರೂ ಬಾರದು. ಅಕ್ಕ, ಆಗಲೇ ಕೆಂಪು ಚುಕ್ಕೆಯಿದ್ದ ಹಲ್ಲೊಂದನ್ನು ಬಿಟ್ಟು, ಮಿಕ್ಕವಕ್ಕೆಲ್ಲ ನೀರಿನಲ್ಲಿ ಕಲಸಿದ ಅರಿಶಿನದ ಬೊಟ್ಟು ಇಟ್ಟು, ಅದರ ಮೇಲೆ ಸೀಸೆಯ ಕೆಂಪು ಇಟ್ಟಿದ್ದಳು. ನೈಲ್ ಪಾಲಿಶಿನಲ್ಲಿಯೂ ಶಾಸ್ತ್ರ ತಪ್ಪಿರಲಿಲ್ಲ.

ಮೊದಲ ಚುಕ್ಕೆಯ ಅಂಚನ್ನು ಪಿನ್ನಿನಿಂದ ಎಬ್ಬಿಸಿದಳು. ಕೆಂಪು ಸಿಪ್ಪೆ ಸುಲಿದು, ಒಳಗೆ ಹಳದಿ. ಎರಡನೆಯದು, ಹಳದಿ. ಅದರಾಚೆಯದು, ಹಳದಿ. ಪುಟ್ಟಸ್ವಾಮಿ ಟಾರ್ಚು ಹಿಡಿದಿದ್ದ.  ಒಂದೊಂದಾಗಿ ಸುಲಿಯುತ್ತಾ ಹೋದಂತೆ ಚಕ್ರದ ಮುಖವೆಲ್ಲ ಗೌರಿಯ ಮುಖದಂತೆ ಅರಿಶಿನವಾಯಿತು. ಬಹಳ ಸುಲಿದ ಮೇಲೆ ಒಂದು ಚುಕ್ಕೆಯ ಸಿಪ್ಪೆ ಸುಲಭವಾಗಿ ಏಳಲಿಲ್ಲ. ಅಕ್ಕ ಇನ್ನೊಮ್ಮೆ ಕೆರೆದಳು. ಕೆಂಪಿನ ಅಡಿಯಲ್ಲಿ ಬರೀ ಕಬ್ಬಿಣ ಹೊಳೆಯಿತು.

“ಅದೇಯ! ಅದೇಯ! ಕೆರೀಬ್ಯಾಡಿ ಕಣವ್ವಾ!” ಎಂದು ಪುಟ್ಟಸ್ವಾಮಿ ಕೂಗಿದ್ದು ಪಕ್ಕದ ಬೇಕರಿಯವರೆಗೂ ಕೇಳಿರಬೇಕು.

ಅವನು ಚಕ್ರವನ್ನು ಹಿಂದಕ್ಕೆ ತಂದು ಚುಕ್ಕೆಯನ್ನು ಕಚ್ಚಿಗೆ ಕೂಡಿಸಿದ. ಹೊಸ ಬೆಲ್ಟನ್ನು ಹಲ್ಲಿಗೆ ಹಲ್ಲು ಕೂರಿಸಿ, ಬಿಗಿ ಮಾಡಿದ. ಇನ್ನೇನು ಕೀ ತಿರುವುತ್ತಾನೆ ಎಂದುಕೊಂಡೆ. ಅವನು ಉದ್ದ ಹಿಡಿಯ ಸ್ಪ್ಯಾನರನ್ನು ಕೆಳಗಿನ ಚಕ್ರದ ಬೋಲ್ಟಿಗೆ ಹಾಕಿದ. “ಈಗ್ಲೇ ಸ್ಟಾರ್ಟ್ ಮಾಡಂಗಿಲ್ಲ. ಕೈಯಾಗೆ ಎರಡ್ ಸುತ್ತು ತಿರುಗಿಸ್ಬೇಕು. ವಾಲ್ವು ತಾಗಿದ್ರೆ ಕೈಗೆ ಗೊತ್ತಾಯ್ತದೆ, ಅಲ್ಲೇ ನಿಲ್ಸ್‌ಬೇಕು.”

“ನಾನ್ ತಿರುಗಿಸ್ತೀನಿ ಬುಡು,” ಎಂದಳು ಅಕ್ಕ. “ಹೋದ್ರೆ ನನ್ ಕೈಲೇ ಹೋಗ್ಲಿ.”

ಸ್ಪ್ಯಾನರು ಮೆಲ್ಲಗೆ ತಿರುಗಿತು. ಕೆಳಗಿನ ಚಕ್ರ ಹೊರಟಿತು. ಹೊಸ ಬೆಲ್ಟು ಅದನ್ನು ಹಿಡಿದು ಮೇಲಕ್ಕೆ ಹೊತ್ತೊಯ್ದಿತು. ಮೇಲಿನ ಚಕ್ರ ಅದರ ಅರ್ಧ ವೇಗದಲ್ಲಿ, ಯಜಮಾನಿಯ ಹಾಗೆ ನಿಧಾನವಾಗಿ ಎದ್ದಿತು. ಒಳಗೆ ಎಲ್ಲೋ ಬಾಗಿಲು ತೆರೆಯುವ, ಮುಚ್ಚುವ ಸಣ್ಣ ಸದ್ದು. ಓಡುವಾಗ ಯಾರಿಗೂ ಕಾಣದ ಕೆಲಸವನ್ನು ಅದು ನಮ್ಮ ಮೂವರಿಗಾಗಿ ನಿಧಾನವಾಗಿ ಮಾಡಿ ತೋರಿಸುತ್ತಿತ್ತು. 

ಇದ್ದಕ್ಕಿದ್ದಂತೆ ಸ್ಪ್ಯಾನರು ನಿಂತಿತು.

“ತಾಗ್ತಾ?” ಪುಟ್ಟಸ್ವಾಮಿಯ ದನಿಯೇ ಬದಲಾಗಿತ್ತು.

ಅಕ್ಕ ಕಣ್ಣು ಮುಚ್ಚಿದಳು. ರಾಗಿಕಲ್ಲಿನ ಗೂಟ ಹಿಡಿದು ಬೆಳೆದ ಕೈ ಅದು. ಒತ್ತಲಿಲ್ಲ, ಬಿಡಲೂ ಇಲ್ಲ. “ತಾಗಿಲ್ಲ ಕಣಪ್ಪ. ತಾಗುದ್ರೆ ಕಲ್ಲಿನಂಗಿರ್ತದೆ. ಇದು ಮೆತ್ತಗೈತೆ. ಒಳಗಿಂದ ಯಾರೋ ತಳ್ತಾವ್ರೆ.”

ನಾವು ಕಾದೆವು. ಇಂಜಿನ್ನಿನ ಹೊಟ್ಟೆಯಿಂದ ಸಣ್ಣಗೆ ‘ಸ್ಸ್’ ಎಂದು ನಿಟ್ಟುಸಿರು ಹೊರಟಿತು. “ಗಾಳಿ! ಸಿಲಿಂಡರ್ ಗಾಳಿ ಕಣವ್ವ, ವಾಲ್ವು ಸರಿಯಾಗ್ ಮುಚ್ಕೊಂಡೈತೆ ಅಂತ ಅರ್ಥ!” ಎಂದ ಪುಟ್ಟಸ್ವಾಮಿ. ಸ್ಪ್ಯಾನರು ತಾನಾಗಿ ಸಡಿಲಾಗಿ ಮುಂದೆ ಹೋಯಿತು. ಮತ್ತೆ ಬಿಗಿ, ಮತ್ತೆ ನಿಟ್ಟುಸಿರು, ಮತ್ತೆ ದಾರಿ. ಮೊದಲ ಸುತ್ತು ಮುಗಿದಾಗ ಕೆಂಪು ಚುಕ್ಕೆ ಕಚ್ಚಿನಿಂದ ಬಹುದೂರ, ತೀರ ಬುಡದಲ್ಲಿ, ತಲೆಕೆಳಗಾಗಿತ್ತು. ಲೆಕ್ಕ ತಪ್ಪಿತೆಂದೇ ನಾನು ತಿಳಿದೆ. ಎರಡನೆಯ ಸುತ್ತಿನಲ್ಲಿ ಅದು ಆಚೆ ಬದಿಯಿಂದ ಹತ್ತಿ ಬಂತು. ಬಂದು, ಬಂದು, ಯಾರೂ ಕರೆಯದೆ, ಹೊರಟ ಜಾಗಕ್ಕೇ, ಕಚ್ಚಿನ ಎದುರಿಗೇ ನಿಂತಿತು. ಅದೇ ಗಳಿಗೆಗೆ ಕೆಳಗಿನ ಚಕ್ರದ ಗುರುತೂ ತನ್ನ ಜಾಗಕ್ಕೆ ಬಂದು ನಿಂತಿತು.

ಗ್ರಹಣ ಬಿಟ್ಟದ್ದನ್ನು ನೋಡಿದ್ದೇನೆ, ಕನ್ನಂಬಾಡಿಯ ಗೇಟು ತೆರೆದದ್ದನ್ನು ನೋಡಿದ್ದೇನೆ. ನನಗೆ ತಾನಾಗಿ ಕೈ ಮುಗಿದುಹೋದದ್ದು ಆವತ್ತು, ಎಣ್ಣೆಯ ನೆಲದ ಮೇಲೆ ನಿಂತು.

ಕೀ ತಿರುವಿದಾಗ ಇಂಜಿನ್ನು ಒಂದೇ ಸಲಕ್ಕೆ ಹಿಡಿಯಿತು. ಪುಟ್ಟಸ್ವಾಮಿ ತನ್ನ ವಿಭೂತಿಯನ್ನು ಬೆವರಿನೊಂದಿಗೆ ಒರೆಸಿಕೊಂಡು, “ನಾನು ಹೇಳಿರ್ನಿಲ್ವಾ?” ಎಂದ. ಏನು ಹೇಳಿದ್ದನೋ ನಾವು ಕೇಳಲಿಲ್ಲ.

ಹಳೆಯ ಬೆಲ್ಟನ್ನು ಕೈಗೆ ಸುತ್ತಿಕೊಂಡು ಅಕ್ಕನ ಜೊತೆ ನಾನೂ ಮಿರ್ಲೆಗೆ ಹೊರಟೆ.  ಮನೆಯ ಮುಂದೆ ಜವರಪ್ಪ ನಿಂತಿದ್ದ. ಪಕ್ಕದಲ್ಲಿ ಸ್ಟೂಲಿನ ಮೇಲೆ ಗುಜರಿಯವನು ಕೂತು ಕಾಫಿ ಕುಡಿಯುತ್ತಿದ್ದ. ಅಕ್ಕ ಕಾರನ್ನು ಅವರೆದುರಿಗೆ ನಿಲ್ಲಿಸಿ, ಇಂಜಿನ್ ಆರಿಸದೆ ಗಾಜು ಇಳಿಸಿದಳು.

ಗುಜರಿಯವನು ಲೋಟ ಕೆಳಗಿಟ್ಟು ಕಿವಿಗೊಟ್ಟ. ಸಾಯುವ ಇಂಜಿನ್ನುಗಳ ಸದ್ದು ಕೇಳಿ ಬದುಕುವವನು. “ಇದು ನಮ್ ಕಡೆಗೆ ಬರೋ ಮಾಲಲ್ಲ ಯಜಮಾನ್ರೇ,” ಎಂದು ಎದ್ದು ಬೈಕು ಹತ್ತಿದ.

ಜವರಪ್ಪ ನಿಂತೇ ಇದ್ದ. ಅಣ್ಣ ಹೋದಾಗಿನಿಂದ ಅವನು ಆ ಕಾರಿನಲ್ಲಿ ಕೂತವನಲ್ಲ. ಅತ್ತಿಗೆ ಓಡಿಸುವ ಗಾಡಿಯೆಂದು ಸಾಲಿಗ್ರಾಮಕ್ಕೂ ಬಸ್ಸಿನಲ್ಲೇ ಹೋಗುತ್ತಿದ್ದ. ನಾನು ಇಳಿದು ಮುಂದಿನ ಬಾಗಿಲು ತೆರೆದು ಹಿಡಿದೆ.

“ಗಾಡಿ ಅತ್ತು ಜವ್ರಪ್ಪ. ನಾಲೆ ಏರಿವರ್ಗೂ ಓಗ್ ಬರಾನ,” ಎಂದಳು ಅಕ್ಕ.

ಅವನು ಚಪ್ಪಲಿಯ ಮಣ್ಣು ಕೊಡವಿ ಹತ್ತಿದ. ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಬಾನೆಟ್ಟನ್ನೇ ನೋಡುತ್ತಾ ಕೂತ. ಕಾರು ಹೊರಟಿತು. ಹಿಂದೆ ಕೂತಿದ್ದ ನನಗೆ ಅವನ ಮೀಸೆಯ ಒಂದು ತುದಿ ಮಾತ್ರ ಕಾಣುತ್ತಿತ್ತು. ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದ:

“ಅತ್ಗೆ, ಇದು ಇಷ್ಟ್ ಮೆತ್ತಗೆ ಓಡ್ತಿತ್ತಾ?”

“ಯಾವಾಗ್ಲೂ ಇಂಗೇ ಓಡ್ತಿತ್ತು ಕಣಪ್ಪ,” ಎಂದಳು ಅಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ. “ನೀನು ಒಳಗ್ ಕೂತಿರ್ನಿಲ್ಲ.”